ಮೊದಲು ಕಿಟಕಿ, ಆಮೇಲೆ ಲೈಟು

ಬೆಳಗ್ಗೆ ಎದ್ದು ಮೀನಿನ ತೊಟ್ಟಿಯ ಲೈಟು ಹಾಕಿದವನೇ ಅಳಿಯ ಕಲ್ಲಾಗಿ ನಿಂತ. ನಿನ್ನೆ ಸಂಜೆ ಕೆಂಪು ನೀಲಿ ಗೆರೆ ಮಿನುಗಿಸುತ್ತ ಓಡಾಡಿದ್ದ ಹನ್ನೆರಡು ಮೀನುಗಳೂ ಬಣ್ಣ ಕಳೆದುಕೊಂಡು, ತಳದ ಮರಳಿನ ಹತ್ತಿರ ಮಿಸುಕದೆ ಬಿಳಿಚಿಕೊಂಡಿದ್ದವು. ಕಣ್ಣಿನ ಆಪರೇಷನ್ನಿಗೆ ಹೋಗುವಾಗ ಅತ್ತೆ ನಂಬಿ ಒಪ್ಪಿಸಿಹೋಗಿದ್ದ ಮೀನುಗಳು. ಕತ್ತಲಲ್ಲಿ ಹೆದರಿಯಾವೆಂದು ನಾಲ್ಕು ದಿನ ಲೈಟನ್ನೇ ಆರಿಸದಿದ್ದವನು, ಅತ್ತೆ ಫೋನಿನಲ್ಲಿ ಬೈದ ಮೇಲೆ ನಿನ್ನೆಯಷ್ಟೇ ಮೊದಲ ಸಲ ಆರಿಸಿದ್ದ.

ಹೊರಗೆ ಕಾರು ನಿಂತಿತು. ಸತ್ತವನ್ನಾದರೂ ಎತ್ತಿಬಿಡೋಣವೆಂದು ಅವನು ಬಲೆ ಹಿಡಿಯುವಷ್ಟರಲ್ಲಿ, ಕಪ್ಪು ಕನ್ನಡಕದ ಅತ್ತೆ ಮಗಳ ತೋಳು ಹಿಡಿದು ಒಳಗೆ ಬಂದೇಬಿಟ್ಟರು. ಬಲೆ ಬೆನ್ನ ಹಿಂದೆ ಹೋಯಿತು.

“ಅತ್ತೆ, ಮೀನು... ಎಲ್ಲಾ ಹೋಗ್ಬಿಟ್ವು.”

ಅತ್ತೆ ಗಾಜಿಗೆ ಮೂಗು ತಾಗುವಷ್ಟು ಬಗ್ಗಿದರು. “ಎಲ್ಲಿಗೂ ಹೋಗಿಲ್ಲ. ಕತ್ತಲಾದ್ರೆ ಇವು ಬಣ್ಣ ಬಿಟ್ಟೇ ಮಲಗೋದು. ಬೆಳಗ್ಗೆ ಮೊದಲು ಕಿಟಕಿ ಪರದೆ ಸರಿಸ್ಬೇಕು, ಅರ್ಧ ಗಂಟೆ ಬಿಟ್ಟು ಲೈಟ್ ಹಾಕ್ಬೇಕು. ಮಲಗಿದವರ ಮುಖಕ್ಕೇ ಬೆಳಕು ಬಿಟ್ರೆ ಯಾರಿಗಾದ್ರೂ ಎದೆ ಒಡೆಯಲ್ವಾ?”

ಲೈಟು ಆರಿಸಿ ಪರದೆ ಸರಿಸಿದರು. ಎಳೆ ಬೆಳಕು ಮೆಲ್ಲಗೆ ನೀರಿಗಿಳಿಯಿತು. ಎಷ್ಟೋ ಹೊತ್ತಿನ ಮೇಲೆ ಒಂದು ಬಾಲ ಅಲುಗಿತು. ಆಮೇಲೆ ತೆಳ್ಳನೆಯ ನೀಲಿ ಗೆರೆಯೊಂದು, ಅದರ ಪಕ್ಕ ಇನ್ನೊಂದು. ಅಳಿಯನಿಗೆ ಹೋದ ಜೀವ ಬಂದಂತಾಯಿತು.

“ಇನ್ನು ಬೆನ್ನ ಹಿಂದಿರೋ ಬಲೆ ಕೆಳಗಿಡಿ, ಅಳಿಯಂದ್ರೇ,” ಎಂದರು ಅತ್ತೆ, ತಿರುಗಿಯೂ ನೋಡದೆ. “ಅದರ ತುದಿ ಗಾಜಲ್ಲಿ ಕಾಣ್ತಿದೆ. ಡಾಕ್ಟ್ರು ಕಣ್ಣು ಚೆನ್ನಾಗೇ ಮಾಡಿದಾರೆ.”