ಹಕ್ಕಿಯ ಹಿಂದೆ

ಕ್ಯಾಮೆರಾ ಅಂಗಡಿಗೆ ಬಂದ ಹಿರಿಯರು ತಮ್ಮ ಜೂಮ್ ಲೆನ್ಸನ್ನು ಕೌಂಟರ್ ಮೇಲಿಟ್ಟು, ದೂರದ್ದನ್ನು ಇನ್ನಷ್ಟು ಹತ್ತಿರ ತೋರಿಸುವ ಟೆಲಿಕನ್ವರ್ಟರ್ ಕೇಳಿದರು.

"ಈ ಲೆನ್ಸಿಗೆ ಅದನ್ನ ಹಾಕಿದ್ರೆ ಬೆಳಕು ಕಮ್ಮಿಯಾಗುತ್ತೆ ಸಾರ್, ಫೋಕಸ್ಸೂ ತಡಕಾಡುತ್ತೆ," ಎಂದ ಅಂಗಡಿಯವನು.

"ಮಸುಕಾದ್ರೂ ಪರವಾಗಿಲ್ಲಪ್ಪ. ಆಗಲೇ ತೆಗೆದಿರೋ ಫೋಟೋನ ಹತ್ತಿರ ತರುತ್ತಾ?"

"ಅದು ಹೇಗಾಗುತ್ತೆ ಸಾರ್? ಮತ್ತೆ ಹೋಗಿ ತೆಗೀಬೇಕು."

ಹಿರಿಯರು ಕ್ಯಾಮೆರಾದ ಪರದೆ ತೋರಿಸಿದರು. ಕೊಂಬೆಯ ಮೇಲೆ ಮಿಂಚುಳ್ಳಿ ಕೂತಿತ್ತು. ಪುಕ್ಕದ ಒಂದೊಂದು ಎಳೆಯೂ ಸ್ಪಷ್ಟ. ಹಿಂದೆ, ಕೆರೆಯ ಆಚೆ ದಡದಲ್ಲಿ, ಹಳದಿ ಸೀರೆಯೊಂದು ಚುಕ್ಕೆಯಷ್ಟೇ ಕಾಣುತ್ತಿತ್ತು.

"ಹಕ್ಕಿ ಎಷ್ಟು ಚೆನ್ನಾಗಿ ಬಂದಿದೆಯಲ್ಲ ಸಾರ್!"

"ಹಕ್ಕಿ ಫೋಟೋ ಮನೆ ತುಂಬ ಇದೆ. ನಾಳೆ ಹಾರ ಹಾಕೋಕೆ ನಮ್ಮ ಮನೆಯವಳದ್ದು ಇದೊಂದೇ ಇರೋದು."