ಎರಡನೇ ಸಲ ಕೇಳುವಂತಿಲ್ಲ

"ಸಾಕ್ರಿ" ಎಂದು ಚನಮಲ್ಲಪ್ಪ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದ. ಇಂದ್ರವ್ವ ರೊಟ್ಟಿ ಬುಟ್ಟಿ ಎತ್ತಿಕೊಂಡು ತಿರುಗಿ ನೋಡದೆ ಅಡುಗೆಮನೆಗೆ ನಡೆದಳು. ಆತ ಉಂಡದ್ದು ಒಂದೇ ರೊಟ್ಟಿ. ಎಣ್ಣೆಗಾಯಿ ಪಲ್ಯ ತಟ್ಟೆಯಲ್ಲಿ ಅರ್ಧ ಹಾಗೇ ಇತ್ತು. ಜಮಖಂಡಿಯಿಂದ ಮುಧೋಳಕ್ಕೆ ಹೋಗುವ ರಸ್ತೆಯ ಈ ಖಾನಾವಳಿಯಲ್ಲಿ ಅವಳು ಇಪ್ಪತ್ತೆರಡು ವರ್ಷದಿಂದ ಬಡಿಸುತ್ತಿದ್ದಳು. ಒಂದೇ ಮಾತಿಗೆ ಬುಟ್ಟಿ ಎತ್ತುವುದನ್ನು ಕಲಿತು ಎಂಟು ದಿನವೂ ಆಗಿರಲಿಲ್ಲ.

ಕಲಿಸಿದವನು ಮಗ ಗೌರೀಶ. ಮಾಳಿಗೆಯ ಮೇಲೆ ಬಾಡಿಗೆಗೆಂದು ಎರಡು ಖೋಲಿ ಕಟ್ಟಿಸಿ, ಅವುಗಳ ಫೋಟೋ ತೆಗೆದು ಫೋನಿನ ಆ್ಯಪಿಗೆ ಏರಿಸಿದವನೂ ಅವನೇ. ಹೋದ ತಿಂಗಳು ಬಂದು ಉಳಿದ ಪುಣೆಯ ಗಂಡ ಹೆಂಡತಿ ಐದರಲ್ಲಿ ಒಂದೇ ಚುಕ್ಕಿ ಕೊಟ್ಟು ಬರೆದಿದ್ದರು: ಖೋಲಿ ಸ್ವಚ್ಛ, ಊಟ ರುಚಿ, ಆದರೆ ಮಾಲಕಿ ಬೇಡವೆಂದರೂ ಬಿಡುವುದಿಲ್ಲ, ಬಲವಂತದಿಂದ ತಿನ್ನಿಸುತ್ತಾಳೆ. ಆಮೇಲೆ ಹನ್ನೊಂದು ದಿನ ಖೋಲಿಗಳ ಬಾಗಿಲು ತೆರೆಯಲಿಲ್ಲ.

"ಒಂದ ಸಲ ಕೇಳು. ಬ್ಯಾಡ ಅಂದ್ರ ಮುಗೀತು" ಎಂದಿದ್ದ ಗೌರೀಶ. "ಎರಡನೇ ಸಲ ಕೇಳಿದೆಂದ್ರ ಖೋಲಿಗೆ ಕೀಲಿ ಜಡದು ನೊಣಾ ಹೊಡಕೋತ ಕುಂಡರೂದ."

"ಮೊದಲನೇ ಬ್ಯಾಡ ಏನ ಬ್ಯಾಡ ಅಲ್ಲಲೇ, ಹುಚ್ಚಾ."

"ನಿನಗ ಅಲ್ಲ. ಫೋನಿನ್ಯಾಗ ಬರಿಯವ್ರಿಗೆ ಅದು ಬ್ಯಾಡನ."

ಚನಮಲ್ಲಪ್ಪ ಬಂದು ಎರಡು ದಿನವಾಗಿತ್ತು. ಬೀಳಗಿ ಕಡೆಯ ರೈತ. ಮಗಳಿಗೆ ದಿನ ತುಂಬುವ ಮೊದಲೇ ಹೆರಿಗೆಯಾಗಿ, ಮೊಮ್ಮಗ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದ. ಬಾಣಂತಿಯರ ವಾರ್ಡಿನಲ್ಲಿ ರಾತ್ರಿ ಗಂಡಸರನ್ನು ಬಿಡುವುದಿಲ್ಲವೆಂದು ಹೆಂಡತಿಯನ್ನು ಅಲ್ಲಿ ಬಿಟ್ಟು ಇಲ್ಲಿ ಖೋಲಿ ಹಿಡಿದಿದ್ದ. ಇಲ್ಲಿ ನಾಲ್ಕು ಸಲ ಊಟಕ್ಕೆ ಕುಳಿತು, ನಾಲ್ಕು ಸಲವೂ ಒಂದೊಂದೇ ರೊಟ್ಟಿ ತಿಂದು ಎದ್ದಿದ್ದ.

"ನೋಡ, ಎಷ್ಟ ಆರಾಮ ಉಂಡ ಹೋದ್ರು" ಎಂದ ಗೌರೀಶ. "ಹಿಂಗಿದ್ರ ಚುಕ್ಕಿ ತಾವ ಬರ್ತಾವ."

"ಅವ್ರ ಕಣ್ಣ ನನ್ನ ಬುಟ್ಟಿ ಹಿಂದನ ಒಳಗ ಬಂದುವು" ಎಂದಳು ಇಂದ್ರವ್ವ. ಆದರೆ ಬುಟ್ಟಿ ಹಿಡಿದು ಅವಳು ಮತ್ತೆ ಹೊರಗೆ ಹೋಗಿರಲಿಲ್ಲ.

ಮರುದಿನ ಬೆಳಿಗ್ಗೆ ಕುಡಿಯುವ ನೀರು ಇಡಲು ಮೇಲೆ ಹೋದಾಗ ಖೋಲಿಯ ಬಾಗಿಲು ಅರ್ಧ ತೆರೆದಿತ್ತು. ಚನಮಲ್ಲಪ್ಪ ಮಂಚದ ತುದಿಗೆ ಕುಳಿತು ಬ್ರೆಡ್ಡನ್ನು ನೀರಿನಲ್ಲಿ ಅದ್ದಿ ತಿನ್ನುತ್ತಿದ್ದ. ಆಸ್ಪತ್ರೆಯಲ್ಲಿ ಬಾಣಂತಿಯರಿಗೆ ಹಂಚುವ ಬ್ರೆಡ್ಡು. ಅವಳನ್ನು ಕಂಡವನೇ ಉಳಿದದ್ದನ್ನು ಟವೆಲ್ಲಿನ ಅಡಿಗೆ ತಳ್ಳಿದ. ಪಕ್ಕದಲ್ಲಿ ಅವನ ಚೀಲ ಕಟ್ಟಿ ತಯಾರಾಗಿತ್ತು.

"ಎಲ್ಲಿಗ್ರಿ ಅಣ್ಣಾರ?"

"ದವಾಖಾನಿ ಪಡಸಾಲ್ಯಾಗ ಇರ್ತೀನವ್ವಾ. ಭಾಳ ಮಂದಿ ಅಲ್ಲೇ ಮಲಗತಾರ."

"ಅಡಗಿ ಸೇರಲಿಲ್ಲೇನ್ರಿ?"

"ಛೇ ಛೇ, ಅಡಗಿಗೆ ಹೆಸರಿಡಾಂಗಿಲ್ಲ." ಆತ ಚೀಲದ ಗಂಟು ಇನ್ನಷ್ಟು ಬಿಗಿದ. "ನಿಮ್ಮಲ್ಲೂ ಏನೋ ಅಡಚಣಿ ಇದ್ದಂಗ ಕಾಣತೈತಿ. ಒಳಗ ಹೋದ ಬುಟ್ಟಿ ಮತ್ತ ಹೊರಗ ಬರಲಿಲ್ಲ. ಇದ್ದದ್ದರಾಗ ನನ್ನ ಹೊಟ್ಟಿನೂ ನಿಮಗ್ಯಾಕ ಹೊರಿ ಅಂತ."

ಕೆನ್ನೆಗೆ ಹೊಡೆದಿದ್ದರೂ ಇಂದ್ರವ್ವನಿಗೆ ಇಷ್ಟು ಉರಿಯುತ್ತಿರಲಿಲ್ಲ. ಹೊಟ್ಟೆ ತುಂಬ ಉಂಡವರು ಅವಳನ್ನು ಬೈದು ಹೋಗಿದ್ದರು. ಹಸಿದ ಇವನು ಅವಳ ಮನೆಯ ಮಾನ ಕಾಯಲು ಚೀಲ ಕಟ್ಟಿದ್ದ. ಬಾಯಿಬಿಟ್ಟು ಇನ್ನೊಂದು ರೊಟ್ಟಿ ಕೇಳಿದ್ದರೆ ಆಗುತ್ತಿತ್ತು. ಆದರೆ ಅವಳ ಅಪ್ಪನೂ ಪರರ ಮನೆಯಲ್ಲಿ ಕೇಳಿ ಉಂಡವನಲ್ಲ.

"ಚೀಲ ಇರ್ಲಿ ಅಲ್ಲೇ" ಎಂದಳು. "ಮಧ್ಯಾಹ್ನ ಉಂಡು, ಆಮ್ಯಾಲ ಎಲ್ಲಿಗರ ಹೋಗ್ರಿ."

ಮಧ್ಯಾಹ್ನ ಕಿಟಕಿಯ ಪಕ್ಕದ ಮೇಜಿನಲ್ಲಿ ಕೊಲ್ಹಾಪುರದ ಇಬ್ಬರು ಹುಡುಗಿಯರು ಕುಳಿತಿದ್ದರು. ಅಂದೇ ಇನ್ನೊಂದು ಖೋಲಿ ಹಿಡಿದವರು. ರೊಟ್ಟಿಗಿಂತ ಮೊದಲು ರೊಟ್ಟಿಯ ಫೋಟೋ ಬೇಕಾಗಿತ್ತು ಅವರಿಗೆ. ಗೌರೀಶ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಒಂದು ಕಣ್ಣು ಅವರ ಮೇಲೆ, ಒಂದು ಕಣ್ಣು ತಾಯಿಯ ಮೇಲೆ ಇಟ್ಟಿದ್ದ. ಇಂದ್ರವ್ವ ಒಲೆಯಿಂದ ನೇರ ಬಂದು ಚನಮಲ್ಲಪ್ಪನ ಮುಂದೆ ನಿಂತಳು. ಮೊದಲ ರೊಟ್ಟಿ ಮುಗಿದಿತ್ತು.

"ಸಾಕ್ರಿ" ಎಂದ ಆತ, ಅಭ್ಯಾಸದಂತೆ.

"ಏನ್ ಸಾಕ? ಮೊಮ್ಮಗನ್ನ ಎತ್ತಾಕ ರಟ್ಟ್ಯಾಗ ಕಸುವು ಬ್ಯಾಡೇನ?" ರೊಟ್ಟಿ ತಟ್ಟೆಗೆ ಬಿತ್ತು.

ಕಿಟಕಿಯ ಹುಡುಗಿಯರು ತಲೆ ಎತ್ತಿದರು. ಗೌರೀಶ ಕೆಮ್ಮಿದ. ಎರಡನೆಯದೂ ಮುಗಿಯಿತು. ಇಂದ್ರವ್ವ ಕದಲಲಿಲ್ಲ.

"ಒಲ್ಲೆವ್ವಾ, ಹೊಟ್ಟಿ ತುಂಬೇತಿ."

"ತುಂಬಿದ್ರ ಅರ್ಧಾ ತಗೋರಿ."

"ಅರ್ಧಾನೂ ಒಲ್ಲೆ."

"ಹಂಗಾರ ಪೂರ್ತಿ ತಗೋರಿ!"

ಹುಡುಗಿಯರಲ್ಲಿ ಒಬ್ಬಳು ಫೋನ್ ಕೈಗೆತ್ತಿಕೊಂಡಳು. ಗೌರೀಶ ಗಲ್ಲಾ ಬಿಟ್ಟು ಬಂದು ತಾಯಿಯ ಸೆರಗು ಜಗ್ಗಿದ. "ಬ್ಯಾಡ ಅನ್ನಾಕತ್ತಾರಲ್ಲ ಬೇ, ಕಿವಿ ಕೇಳಂಗಿಲ್ಲೇನ? ಇನ್ನೊಂದ ಸಲ ಒಂದ ಚುಕ್ಕಿ ಬಿತ್ತಂದ್ರ ಮುಗದಹೋತು!"

"ಕಿವಿ ಕೇಳತಾವ" ಎಂದಳು ಇಂದ್ರವ್ವ. "ನೀ ಅವ್ರ ಬಾಯಿ ಬಿಡು, ಕೈ ನೋಡ."

ಗೌರೀಶ ನೋಡಿದ. "ಒಲ್ಲೆ, ಖರೇನ ಒಲ್ಲೆ" ಎನ್ನುತ್ತಲೇ ಚನಮಲ್ಲಪ್ಪ ಬೆರಳಿನಿಂದ ಪಲ್ಯವನ್ನೂ ಚಟ್ನಿಯನ್ನೂ ತಟ್ಟೆಯ ಅಂಚಿಗೆ ಸರಿಸಿ, ನಡುವೆ ಒಂದು ರೊಟ್ಟಿಯಷ್ಟು ಜಾಗ ಮಾಡುತ್ತಿದ್ದ.