ಒಂಟಿಕಾಳಿನ ಮೂಟೆ

ಮೂಟೆ ತಲೆಯಿಂದ ಇಳಿಯುವ ಮೊದಲೇ ಮಾಲಿಂಗಪ್ಪಗೌಡರು ಕೇಳಿದರು: “ಇದೂ ಹುಣಸಿಬೀಜ ಹುರದದ್ದೇನೋ?”

ಹೋದ ವರ್ಷ ಯಾವನೋ ಬಂದು ಕಾಫಿಯೆಂದು ಹುಣಸೆಬೀಜ ಮಾರಿ ಹೋಗಿದ್ದ. ಅವನು ಮಾಡಿದ ಪಾಪ ಈಗ ಕಾಫಿ ಹೊತ್ತು ಮಾರಲು ಬಂದ ಲಗಮಪ್ಪನ ಕೊರಳಿಗೆ.

“ಅಲ್ರಿ ಗೌಡ್ರ. ಒಂದ ಗುಡ್ಡದ ಮಾಲರಿ. ಅದರಾಗೂ ಬರೇ ಒಂಟಿಕಾಳು ಆರಿಸಿ ತಂದೇನ್ರಿ.”

ಚಿಕ್ಕಮಗಳೂರಿನ ಬೆಟ್ಟದಿಂದ ಗೌಡರ ಊರು ಘೋಡಗೇರಿಯವರೆಗೆ ರೈಲು, ಚಕ್ಕಡಿ, ಕೊನೆಗೆ ಸ್ವಂತ ಕಾಲು. ನಾಳೆ ಗೌಡರ ಮನೆಗೆ ಗೋಕಾಕದಿಂದ ಸಾಹೇಬನೊಬ್ಬ ಬರುವವನಿದ್ದ. ಅವನಿಗೆ ಕಾಫಿಯೇ ಆಗಬೇಕು. ಮೂಟೆ ಇಲ್ಲಿ ಮಾರಿಹೋದರೆ ಲಗಮಪ್ಪ ಮೂಡಲಗಿ ಪೇಟೆಯಲ್ಲಿ ಒಂದು ಅಂಗಡಿ ಹಿಡಿದು ಕೂರಬಹುದು. ಹೋಗದಿದ್ದರೆ ಮತ್ತೆ ಅದೇ ಮೂಟೆ, ಅದೇ ತಲೆ, ಅದೇ ದಾರಿ. ಅವನ ಮೊಣಕಾಲು ಅದಕ್ಕೆ ಒಪ್ಪುವಂತಿರಲಿಲ್ಲ.

“ಕೆಂಚಪ್ಪನ್ನ ಕರೀರಿ,” ಎಂದರು ಗೌಡರು.

ಕೆಂಚಪ್ಪ ಮೀಸೆ ಮೂಡುವ ಮೊದಲು ಕಾಫಿ ತೋಟಕ್ಕೆ ಕೂಲಿಗೆ ಹೋಗಿ, ತಲೆ ನರೆತ ಮೇಲೆ ತಿರುಗಿ ಬಂದವನು. ಊರಿನಲ್ಲಿ ಕಾಫಿಯ ವಿಷಯಕ್ಕೆ ಅವನದೇ ಕೊನೆಯ ಮಾತು. ಅಂಗೈ ಮೇಲೆ ಕಾಳು ಉರುಳಿಸಿ ನೋಡಿದ.

“ನಮ್ಮ ತೋಟದಾಗ ಬ್ಯಾಳಿಯಂಗ ಎರಡ ಹೋಳ ಇರ್ತಿದ್ದು. ಇದು ವಟಾಣಿಯಂಗ ದುಂಡಗ ಐತಿ.”

“ಹಣ್ಣಿನಾಗ ಒಂದ ಕಾಳು ಇದ್ರ ದುಂಡಗ ಆಗತೈತಿ ಕಾಕಾ. ಅಪರೂಪದ್ದು.”

“ಕುದಸ್ರಿ. ನಾಲಿಗಿ ಹೇಳತೈತಿ.”

ಗೌಡರ ಹೆಂಡತಿ ಶಿವಗಂಗವ್ವ ಹಂಚಿನ ಮೇಲೆ ಹುರಿದಳು. ಮೊದಲು ಒಣಹುಲ್ಲಿನ ವಾಸನೆ, ಆಮೇಲೆ ಹುರಿದ ಶೇಂಗಾ, ಕೊನೆಗೆ ಕಾಕಂಬಿ. ಕುಟ್ಟಿದಾಗ ಕಿತ್ತಳೆ ಸಿಪ್ಪೆಯ ಘಮ ಎದ್ದಿತು. ಆ ಗುಡ್ಡದಲ್ಲಿ ಕಾಫಿಗಿಡಗಳ ನಡುವೆ ಕಿತ್ತಳೆ ಬೆಳೆಯುತ್ತಾರೆ. ಆ ಘಮವೇ ಅಲ್ಲಿಯ ಮಾಲಿನ ಗುರುತು. ಲಗಮಪ್ಪನಿಗೆ ಹೋದ ಜೀವ ಬಂತು.

ಶಿವಗಂಗವ್ವ ಬೆಲ್ಲಕ್ಕೆ ಕೈ ಹಾಕಿದಳು.

“ಬೆಲ್ಲ ಬ್ಯಾಡ್ರವ್ವಾ. ಖೊಟ್ಟಿ ಮಾಲಿಗಿ ಬೆಲ್ಲ ಮುಸುಕ ಹಾಕತೈತಿ,” ಎಂದ ಕೆಂಚಪ್ಪ. ಬಲ್ಲವನ ಮಾತು. ಗೌಡರು ತಲೆದೂಗಿದರು.

ಕುದಿಸಿ ಕೊಟ್ಟದ್ದನ್ನು ಕೆಂಚಪ್ಪ ಒಂದು ಗುಟುಕು ಕುಡಿದ. ಮುಖ ಕಿವುಚಿ ಬಟ್ಟಲು ಕೆಳಗಿಟ್ಟ.

“ಖೊಟ್ಟಿ ಐತ್ರಿ. ಬೇವಿನಂಗ ಕಹಿ.”

“ಕಾಫಿ ಕಹಿನ ಇರ್ತೈತ್ರಿ ಗೌಡ್ರ,” ಎಂದ ಲಗಮಪ್ಪ.

“ಹುಣಸಿಬೀಜದವನೂ ಹಿಂಗ ಅಂದಿದ್ದ. ಎತ್ತ ನಿನ್ನ ಮೂಟಿ,” ಎಂದರು ಗೌಡರು.

ಲಗಮಪ್ಪ ಎತ್ತಿದ. ಬರುವಾಗಿನದಕ್ಕಿಂತ ಭಾರವಾಗಿತ್ತು. ಯಾರೋ ಕೈ ಬೆಚ್ಚಗೆ ಮಾಡಿದ್ದಕ್ಕೆ ಈ ಮುದುಕ ಸುಳ್ಳು ಹೇಳಿದ್ದಾನೆ ಎಂದು ಹಲ್ಲು ಕಚ್ಚಿಕೊಂಡೇ ನಡೆದ. ಊರ ಹೊರಗಿನ ಕಟ್ಟೆಯ ಮೇಲೆ ಅದೇ ಕೆಂಚಪ್ಪ ಎಲೆಗೆ ಸುಣ್ಣ ಹಚ್ಚುತ್ತ ಕುಳಿತಿದ್ದ. ಲಗಮಪ್ಪನ ಕಾಲು ನಿಂತವು.

“ಕಾಕಾ, ನಾ ನಿಮಗ ಏನ ಮಾಡಿದ್ದೆ? ಅಷ್ಟ ವರ್ಷ ಕಾಫಿ ಕುಡದ ಬಾಯಿಲೆ ಸುಳ್ಳ ಹೆಂಗ ಬಂತು?”

ಕೆಂಚಪ್ಪ ನಿಜವಾಗಿಯೂ ಬೆರಗಾಗಿ ಅವನ ಮುಖ ನೋಡಿದ.

“ಸುಳ್ಳ ಯಾಕ ಹೇಳಲೋ ತಮ್ಮಾ? ಕೂಲಿಯವರಿಗಿ ಕಾಫಿ ಯಾರ ಕೊಡ್ತಾರ, ಕುಡದದ್ದ ಇವತ್ತ ಮೊದಲ. ಆದ್ರ ಕಾಫಿಹಣ್ಣ ಹರಿಯೂಮುಂದ ಮೇಸ್ತ್ರಿ ಕಣ್ಣ ತಪ್ಪಿಸಿ ದಿನಾ ಚೀಪೇನಿ. ಬೆಲ್ಲದಂಗ ಸಿಹಿ ಇರ್ತಿತ್ತು.”